ಜೋಡಿ ಪೆಟ್ಟಿಗೆಯ ಪ್ರೇಬೆನ್

ಪ್ರೇಬೆನ್ ಒಂದು ಕಡೆ ಕೂತದ್ದನ್ನು ಡೆನ್ಮಾರ್ಕಿನ ನಮ್ಮ ಲೆಮ್ವಿ ಊರಲ್ಲಿ ಯಾರೂ ಸರಿಯಾಗಿ ಕಂಡಿಲ್ಲ. ಚರ್ಚಿನಲ್ಲಾದರೂ ಕೂತಿರುತ್ತಾನೆ ಅಂತೀರಾ? ಅಲ್ಲೂ ಹಿಂದಿನ ಕಂಬಕ್ಕೆ ಒರಗಿಕೊಂಡು ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕುತ್ತಾ ನಿಂತಿರುತ್ತಿದ್ದ. ತನ್ನ ಮದುವೆ ಊಟದ ದಿನವೇ ಪಕ್ಕದಲ್ಲಿ ಹೊಸ ಹೆಂಡತಿಯನ್ನು ಕೂರಿಸಿಕೊಂಡವನು ಎದ್ದು ಹೋಗಿ, ಸಭಾಂಗಣದ ಬಾಗಿಲು ಕಿರ್ ಅನ್ನುತ್ತೆ ಅಂತ ಅದರ ಕೀಲಿಗೆ ಎಣ್ಣೆ ಬಿಟ್ಟು ಬಂದ ಪುಣ್ಯಾತ್ಮ. ಹೆಂಡತಿ ಸೋಲ್ವೈ ಅದನ್ನು ಈಗಲೂ ಹೇಳಿಕೊಂಡು ನಗುತ್ತಾಳೆ. ನಗುವಿನ ಕೊನೆಗೆ ಒಂದು ನಿಟ್ಟುಸಿರೂ ಇರುತ್ತೆ.

ಇಂಥವನಿಗೆ ಅಂಗಡಿ ಕೆಲಸ ಹೇಳಿ ಮಾಡಿಸಿದ ಹಾಗಿತ್ತು. ಬಂದರಿಗೆ ಇಳಿಯುವ ರಸ್ತೆಯ ತಿರುವಿನಲ್ಲಿದ್ದ ರೇಡಿಯೋ ಅಂಗಡಿಗೆ ಮೀಸೆ ಮೂಡುವ ಮೊದಲೇ ಸೇರಿದ. ರೇಡಿಯೋ ಹೋಗಿ ಟಿ.ವಿ. ಬಂತು, ಟಿ.ವಿ. ಜೊತೆಗೆ ವಿಡಿಯೋ ಗೇಮು ಬಂತು, ಹಳೇ ಯಜಮಾನ ಹೋಗಿ ಅವನ ಮಗ ಯೆಪ್ಪೆ ಬಂದ. ಪ್ರೇಬೆನ್ ಮಾತ್ರ ಅಲ್ಲೇ, ಗಲ್ಲಾದಿಂದ ಕಿಟಕಿಗೆ, ಕಿಟಕಿಯಿಂದ ಗೋದಾಮಿಗೆ ಓಡಾಡಿಕೊಂಡೇ ಇದ್ದ.

ಅವನದೊಂದು ಚಾಳಿ ಇತ್ತು. ಒಂಟಿ ಸಾಮಾನು ಮಾರಿದವನಲ್ಲ. ರೇಡಿಯೋ ಕೇಳಿದರೆ ಅದಕ್ಕೊಂದು ಚೀಲ ಸೇರಿಸಿ ಕಟ್ಟುವನು, ಟಿ.ವಿ. ಕೇಳಿದರೆ ಗೋಡೆಗೆ ಬಿಗಿಯುವ ಸ್ಟ್ಯಾಂಡು. ಎರಡನ್ನೂ ಕೆಂಪು ರಿಬ್ಬನ್ನಿನಲ್ಲಿ ಬಿಗಿದು ಕೈಗಿಟ್ಟು, “ಒಂಟಿಯಾಗಿ ಕಳಿಸಿದ್ರೆ ಅದಕ್ಕೆ ಬೇಜಾರಾಗುತ್ತೆ, ತಗೊಂಡ್ಹೋಗು” ಅನ್ನುವನು. ಜನ ಗೊಣಗಿಕೊಂಡೇ ತಗೊಂಡು ಹೋಗುತ್ತಿದ್ದರು. ಊರಲ್ಲಿ ಅವನಿಗೆ ‘ಜೋಡಿ ಪೆಟ್ಟಿಗೆ’ ಅಂತಲೇ ಹೆಸರು ಬಿದ್ದಿತ್ತು.

ಆ ವರ್ಷ ಶರತ್ಕಾಲದಲ್ಲಿ ಕಂಪನಿಯ ಪ್ರತಿನಿಧಿಯೊಬ್ಬ ಹೊಸ ಕ್ಯಾಮೆರಾ ಹೊತ್ತು ತಂದ. ಟಿ.ವಿ. ಕೆಳಗೆ ಇಡೋದು, ಗೇಮ್ ಸೆಟ್‌ಗೆ ಜೋಡಿಸೋದು, ಅಷ್ಟೇ. ಕೈಯಲ್ಲಿ ಏನೂ ಹಿಡಿಯಬೇಕಾಗಿಲ್ಲ. ಎದುರಿಗೆ ನಿಂತು ನೀವು ಕೈ ಬೀಸಿದರೆ ತೆರೆಯ ಮೇಲಿನ ಬೊಂಬೆಯೂ ಕೈ ಬೀಸುತ್ತೆ, ನೀವು ಹಾರಿದರೆ ಅದೂ ಹಾರುತ್ತೆ. ಸುಮ್ಮನೆ ನಿಂತಿರೋ, ಅದೂ ಸುಮ್ಮನೆ. ಪ್ರೇಬೆನ್ ಅದರ ಮುಂದೆ ಸ್ಕೀಯಿಂಗ್ ಆಡಿದ, ಬೌಲಿಂಗ್ ಆಡಿದ, ಬೆವರು ಒರೆಸಿಕೊಂಡು ಮತ್ತೆ ಆಡಿದ. ಅರವತ್ತೊಂದು ವರ್ಷ “ಸುಮ್ನೆ ಕೂತ್ಕೋ” ಅನ್ನುವುದನ್ನೇ ಕೇಳುತ್ತಾ ಬಂದವನಿಗೆ, “ಕೂತರೆ ಆಟವೇ ಇಲ್ಲ” ಅನ್ನುವ ಯಂತ್ರ ಸಿಕ್ಕಿತ್ತು. ಆ ಸಂಭ್ರಮದಲ್ಲಿ, ಯೆಪ್ಪೆ ಹೆಂಡತಿ ಮಕ್ಕಳ ಜೊತೆ ಸ್ಪೇನಿನಲ್ಲಿ ಬಿಸಿಲು ಕಾಯುತ್ತಿದ್ದ ವಾರ, ಗೋದಾಮು ತುಂಬುವಷ್ಟು ಕ್ಯಾಮೆರಾ ತರಿಸಿಬಿಟ್ಟ.

“ಇದೇನು ಪ್ರೇಬೆನ್?” ಅಂದ ವಾಪಸ್ ಬಂದ ಯೆಪ್ಪೆ, ಗೋದಾಮಿನ ಬಾಗಿಲಲ್ಲಿ ನಿಂತು.

“ಮುಂದಿನ ಕಾಲ ಕಣೋ.”

“ಮುಂದಿನ ಕಾಲಾನಾ? ಒಳಗೆ ಕಾಲಿಡೋಕೇ ಜಾಗ ಇಲ್ವಲ್ಲ ಮಾರಾಯ!”

ನವೆಂಬರ್ ಅರ್ಧ ಕಳೆಯಿತು. ಕ್ಯಾಮೆರಾ ಬೇಕು ಅಂತ ಬಂದವರು ಒಂದು ಕೈ ಬೆರಳಿಗೂ ಸಾಲಲಿಲ್ಲ. ಒಂದು ಮಧ್ಯಾಹ್ನ ಯೆಪ್ಪೆ ಕಾಫಿ ಲೋಟ ಹಿಡಿದುಕೊಂಡು ಬಂದು, ಪ್ರೇಬೆನ್ನನ ಮುಖ ನೋಡದೆ ಮಾತಾಡಿದ. ಕೆಟ್ಟವನಲ್ಲ ಯೆಪ್ಪೆ. ಚಿಕ್ಕಂದಿನಲ್ಲಿ ಇದೇ ಪ್ರೇಬೆನ್ನನ ಹೆಗಲ ಮೇಲೆ ಕೂತು ಅಂಗಡಿ ಸುತ್ತಿದವನು. ಅದಕ್ಕೇ ಮುಖ ನೋಡಲಾರದೆ ಹೋದ.

“ಕ್ರಿಸ್ಮಸ್ ಒಳಗೆ ಇದೆಲ್ಲಾ ಖಾಲಿ ಆಗ್ಬೇಕು. ಆಗ್ಲಿಲ್ಲಾಂದ್ರೆ ನಾನು ಒಂದಾಳು ಕಮ್ಮಿ ಮಾಡ್ಲೇಬೇಕು. ನಿನಗೂ ವಯಸ್ಸಾಯ್ತು, ಪಿಂಚಣಿ ಬರುತ್ತೆ. ಹೊಸ ವರ್ಷದಿಂದ ಮನೇಲಿ ಆರಾಮಾಗಿರು.”

ಆರಾಮು! ಪ್ರೇಬೆನ್ನನ ಒಂದು ಭಾನುವಾರ ಹೇಗಿರುತ್ತೆ ಅಂತ ಯೆಪ್ಪೆಗೆ ಗೊತ್ತಿದ್ದರೆ ಆ ಮಾತು ಆಡುತ್ತಿರಲಿಲ್ಲ. ಬೆಳಿಗ್ಗೆ ಹುಲ್ಲು ಕತ್ತರಿಸುತ್ತಾನೆ. ಕತ್ತರಿಸಿದ್ದನ್ನೇ ಅಡ್ಡಡ್ಡ ಇನ್ನೊಂದು ಸಲ ಕತ್ತರಿಸುತ್ತಾನೆ. ಅಡುಗೆಮನೆಗೆ ನುಗ್ಗಿ ಸೋಲ್ವೈಯ ಮಸಾಲೆ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸುತ್ತಾನೆ, ಅವಳು ಏಲಕ್ಕಿಗೆ ಹುಡುಕಾಡಿ ಹಲ್ಲು ಕಡಿಯುತ್ತಾಳೆ. ಮಧ್ಯಾಹ್ನದ ಹೊತ್ತಿಗೆ, ಹಾಲು ಇದ್ದರೂ, ಹಾಲು ತಗೊಂಡು ಬಾ ಅಂತ ಅವಳೇ ಹೊರಗೆ ಅಟ್ಟುತ್ತಾಳೆ. ವಾರವಿಡೀ ಭಾನುವಾರವೇ ಆದರೆ ಏನು ಗತಿ? ಆ ರಾತ್ರಿ ಊಟದ ಮೇಜಿನ ಸುತ್ತ ಬಾಲ ಸುಟ್ಟ ಬೆಕ್ಕಿನ ಹಾಗೆ ಸುತ್ತುತ್ತಾ ಹೆಂಡತಿಗೆ ವಿಷಯ ಹೇಳಿದ. ಅವಳು ಕೈಯಲ್ಲಿದ್ದ ಹೆಣಿಗೆ ಕೆಳಗಿಟ್ಟಳು.

“ಹೊಸ ವರ್ಷದಿಂದಲೇನಾ?” ಅಂದಳು. “ದಿನಾನಾ?”

“ದಿನಾ.”

“ಮಾರಿಬಿಡು ಪ್ರೇಬೆನ್. ಏನಾದ್ರೂ ಮಾಡಿ ಮಾರಿಬಿಡು,” ಅಂದಳು. ತನ್ನ ಸಂಕಟ ಇವಳಿಗೆ ಎಷ್ಟು ಚೆನ್ನಾಗಿ ಅರ್ಥವಾಯಿತಲ್ಲ ಅಂತ ಅವನಿಗೆ ಹೆಂಡತಿಯ ಮೇಲೆ ಮಮತೆ ಉಕ್ಕಿ ಬಂತು.

ಮಾರನೆಯ ದಿನ ಬೆಳಿಗ್ಗೆಯೇ ಅಂಗಡಿಯ ಗಾಜಿನ ಮೇಲೆ ಫಲಕ ಬಿತ್ತು: ಗೇಮ್ ಸೆಟ್ ಒಂಟಿಯಾಗಿ ಸಿಗುವುದಿಲ್ಲ, ಕ್ಯಾಮೆರಾ ಜೊತೆಗೇ. ದೊಡ್ಡ ಡಬ್ಬಿಯ ಮೇಲೆ ಸಣ್ಣ ಡಬ್ಬಿ, ಎರಡಕ್ಕೂ ಸೇರಿಸಿ ಕೆಂಪು ರಿಬ್ಬನ್ನು. ಕ್ರಿಸ್ಮಸ್ ಕಾಲವಾದ್ದರಿಂದ ಬದಲಿ ಚೀಟಿಯೂ ಅಂಟಿಸಿದ. ನಮ್ಮಲ್ಲಿ ಆ ಚೀಟಿ ಇಲ್ಲದೆ ಉಡುಗೊರೆ ಕೊಟ್ಟರೆ ಜನ ಮುಖ ಮುಖ ನೋಡುತ್ತಾರೆ. ಕೊಟ್ಟದ್ದು ಹಿಡಿಸಲಿಲ್ಲವಾದರೆ ಹಬ್ಬ ಮುಗಿದ ಮೇಲೆ ಅಂಗಡಿಗೆ ತಂದು ಬದಲಾಯಿಸಿಕೊಳ್ಳಿ ಅನ್ನುವ ಸಣ್ಣ ಕಾಗದ ಅದು. ಡಬ್ಬಿ ಕಂಡರೆ ಪ್ರೇಬೆನ್ನನ ಹೆಬ್ಬೆರಳು ತಾನಾಗಿ ಚೀಟಿ ಒತ್ತುತ್ತಿತ್ತು. ದೊಡ್ಡ ಡಬ್ಬಿಗೊಂದು ಒತ್ತಿದ, ಸಣ್ಣ ಡಬ್ಬಿಗೂ ಒಂದು ಒತ್ತಿದ.

ಮೊದಲು ಸಿಕ್ಕವನು ಮೀನು ದೋಣಿಯ ಐಗಿಲ್.

“ನನಗೆ ಬರೀ ಸೆಟ್ ಸಾಕು. ನಮ್ಮ ಹುಡುಗ ಸೋಫಾ ಮೇಲೆ ಕೂತೇ ಆಡೋದು.”

“ಅದಕ್ಕೇ ಅವನು ನಿನ್ನ ದೋಣಿ ಥರ ಅಗಲ ಆಗ್ತಿದಾನೆ. ಹಿಡಿ, ಜೋಡಿ ತಗೊಂಡ್ಹೋಗು. ಸಂಕ್ರಾಂತಿ ಹೊತ್ತಿಗೆ ಅವನ ಸೊಂಟ ಕಾಣಿಸುತ್ತೆ.”

ಸಂಕ್ರಾಂತಿ ಅಂದವನು ನಾನು, ಅವನಲ್ಲ. ಅವನು ಅಂದದ್ದು ಹೊಸ ವರ್ಷದ ಮೊದಲ ವಾರ ಬರುವ ಮೂರು ರಾಜರ ಹಬ್ಬ. ಐಗಿಲ್ ಬೈಯುತ್ತಲೇ ತಗೊಂಡ. ಆಮೇಲೆ ಪ್ರೇಬೆನ್ ಟಿ.ವಿ.ಯನ್ನು ಅಂಗಡಿಯ ಗಾಜಿಗೆ ತಿರುಗಿಸಿಟ್ಟು ಬೆಳಗಿನಿಂದ ಸಂಜೆವರೆಗೆ ಅದರ ಮುಂದೆ ಕುಣಿದ. ಪಶ್ಚಿಮದ ಗಾಳಿಗೆ ಕೊಡೆ ತಿರುಚಿಹೋಗುತ್ತಿದ್ದರೂ ಜನ ನಿಂತು ನೋಡಿದರು. ಅರವತ್ತು ದಾಟಿದ ಮನುಷ್ಯ, ಟೈ ಕಟ್ಟಿಕೊಂಡು, ಇಲ್ಲದ ಚೆಂಡನ್ನು ಇಲ್ಲದ ಬ್ಯಾಟಿನಿಂದ ಹೊಡೆಯುತ್ತಿದ್ದಾನೆ! ನಕ್ಕರು, ಒಳಗೆ ಬಂದರು, ಕೆಲವರು ಕೊಂಡರು. ಆದರೂ ಗೋದಾಮು ಕರಗಿದ್ದು ನಿಧಾನ. ಡಿಸೆಂಬರ್ ಮೂರನೇ ವಾರಕ್ಕೆ ಇನ್ನೂ ಒಂದು ಗೋಡೆ ಉದ್ದಕ್ಕೂ ಡಬ್ಬಿಗಳಿದ್ದವು. ಪ್ರೇಬೆನ್ ಊಟ ಬಿಟ್ಟ, ನಿದ್ದೆಯಲ್ಲೂ ಕಾಲು ಝಾಡಿಸತೊಡಗಿದ.

ಆಗ ಹೆಂಗಸರು ಬರತೊಡಗಿದರು. ಮೊದಲು ಎಪ್ಪತ್ತು ದಾಟಿದ ಬೋಡಿಲ್, ಚರ್ಚಿನ ಹಾಡುಗಾರ್ತಿಯರ ಗುಂಪಿನ ಮುಂದಾಳು.

“ಅದೇ, ಜೋಡಿ ಕಟ್ಟಿದ್ದು ಇದೆಯಲ್ಲ, ಅದೊಂದು ಕೊಡು. ಮೊಮ್ಮಗಳಿಗೆ.”

“ಹೇಗೆ ಆಡೋದು ಅಂತ ತೋರಿಸ್ಲಾ?”

“ಬೇಡ ಬೇಡ, ನೀನು ಕುಣಿಯೋದು ನೋಡಿ ನೋಡಿ ನನಗೇ ಸೊಂಟ ನೋವು. ಕಟ್ಟಿಕೊಡು ಸಾಕು.”

ಅವಳ ಹಿಂದೆ ಆಸ್ತಾ, ಆಸ್ತಾಳ ಹಿಂದೆ ಇನ್ನೊಬ್ಬಳು. ಮೊಮ್ಮಕ್ಕಳಿಗೆ ಉಣ್ಣೆಯ ಕಾಲುಚೀಲ ಬಿಟ್ಟು ಬೇರೇನೂ ಕೊಡದವರು ಒಬ್ಬೊಬ್ಬರಾಗಿ ಬಂದು, ಬೆಲೆ ಕೇಳದೆ ಹೊತ್ತುಕೊಂಡು ಹೋದರು. ಪ್ರೇಬೆನ್ನನ ಖುಷಿಯಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಹಬ್ಬದ ಹಿಂದಿನ ಮಧ್ಯಾಹ್ನ ಕೊನೆಯ ಜೋಡಿಯೂ ಹೋಯಿತು. ಖಾಲಿ ಗೋದಾಮಿನ ನಡುವೆ ಯೆಪ್ಪೆ ಅವನ ಬೆನ್ನು ತಟ್ಟಿ, “ಗೆದ್ದೆ ಬಿಡು ಮುದುಕ, ಹೊಸ ವರ್ಷ ಸಿಗೋಣ” ಅಂದ.

ನಮ್ಮಲ್ಲಿ ಹಬ್ಬದೂಟ ಹಿಂದಿನ ರಾತ್ರಿಯೇ, ಮನೆಯಲ್ಲಿ ಬಾತುಕೋಳಿ ಬೇಯುತ್ತಿತ್ತು. “ಎಲ್ಲಾ ಹೋಯ್ತಾ?” ಅಂತ ಬಾಗಿಲಲ್ಲೇ ಕೇಳಿದಳು ಸೋಲ್ವೈ.

“ಎಲ್ಲಾ!”

ಅವಳು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟಳು, ಅವನ ತಣ್ಣನೆಯ ಎರಡೂ ಕೆನ್ನೆ ಹಿಡಿದು ಮುತ್ತಿಟ್ಟಳು. ಎಷ್ಟೋ ವರ್ಷಗಳ ಮೇಲೆ ಇಬ್ಬರೂ ಅಷ್ಟು ಹಗುರಾಗಿದ್ದರು. ಉಂಡರು, ಸಿಕ್ಕವರಿಗೆ ಉಡುಗೊರೆ ಅಂತ ಅನ್ನದ ಪಾಯಸದಲ್ಲಿ ಅಡಗಿಸಿಟ್ಟ ಬಾದಾಮಿ ಅವಳ ಬಾಯಿಗೇ ಸಿಕ್ಕಿತು, ಎದ್ದು ಮೇಣದಬತ್ತಿ ಹಚ್ಚಿ, ಕೈ ಕೈ ಹಿಡಿದು ಕ್ರಿಸ್ಮಸ್ ಮರದ ಸುತ್ತ ಹಾಡುತ್ತಾ ತಿರುಗತೊಡಗಿದರು. ಇಬ್ಬರೇ ಆದ್ದರಿಂದ ಕೈ ಎಟುಕದೆ ಮರವನ್ನು ತಬ್ಬಿಕೊಂಡ ಹಾಗೇ ತಿರುಗಬೇಕಿತ್ತು. ಎರಡನೇ ಹಾಡಿನ ನಡುವೆ ಪ್ರೇಬೆನ್ ಗಕ್ಕನೆ ನಿಂತ.

“ಸೋಲ್ವೈ, ಮರ ಎಲ್ಲಿದೆ?”

“ಮೂಗಿನ ಮುಂದೇ ಇದೆಯಲ್ಲೋ. ಎಷ್ಟು ಕುಡಿದೆ?”

“ಟಿ.ವಿ. ಎಲ್ಲಿದೆ?”

“ಮರದ ಹಿಂದೆ.”

ಅವನ ಮುಖ ಬಿಳಿಚಿಕೊಂಡಿತು. ಸುತ್ತ ತಿರುಗಬೇಕಲ್ಲ, ಅದಕ್ಕೇ ಊರಿನ ಪ್ರತಿ ಮನೆಯಲ್ಲೂ ಈ ಒಂದು ವಾರ ಮರ ಕೋಣೆಯ ನಟ್ಟನಡುವೆ ನಿಲ್ಲುತ್ತೆ, ಸೋಫಾ ಗೋಡೆಗೆ ಒತ್ತಿಕೊಳ್ಳುತ್ತೆ. ಹುಟ್ಟಿದಾಗಿನಿಂದ ಮರ ಸುತ್ತಿದ ಮನುಷ್ಯ ಇದನ್ನು ಯೋಚಿಸಲೇ ಇಲ್ಲವಲ್ಲ! ಎದುರಿಗೆ ನಾಲ್ಕು ಹೆಜ್ಜೆ ಖಾಲಿ ನೆಲ ಬೇಕಾದ ಕ್ಯಾಮೆರಾವನ್ನು, ನಾಲ್ಕು ಹೆಜ್ಜೆ ಖಾಲಿ ನೆಲ ಸಿಗದ ಒಂದೇ ಒಂದು ವಾರಕ್ಕೆ ಊರಿಗೆಲ್ಲಾ ಕಟ್ಟಿ ಕಳಿಸಿದ್ದ. ಈಗ, ಈ ಗಳಿಗೆಯಲ್ಲಿ, ಬಂದರಿನಿಂದ ಗುಡ್ಡದವರೆಗೆ ಎಲ್ಲ ಮನೆಯಲ್ಲೂ ಅದು ಮರವನ್ನೇ ದಿಟ್ಟಿಸಿ ನೋಡುತ್ತಿರಬೇಕು. ಉಳಿದ ಹಾಡುಗಳನ್ನು ಸೋಲ್ವೈ ಒಬ್ಬಳೇ ಹಾಡಿದಳು.

ಹಬ್ಬದ ರಜೆ ಮುಗಿದು ಅಂಗಡಿ ತೆರೆದ ದಿನ ಬಾಗಿಲಿಂದ ಬಂದರಿನ ತಿರುವಿನವರೆಗೆ ಸಾಲು. ಎಲ್ಲರ ಕಂಕುಳಲ್ಲೂ ಸಣ್ಣ ಡಬ್ಬಿ. ದೊಡ್ಡದು ಯಾರ ಹತ್ತಿರವೂ ಇಲ್ಲ. ಮುಂದೆ ಐಗಿಲ್.

“ನಿನ್ನ ಕ್ಯಾಮೆರಾ ನಮ್ಮ ಮರಾನೇ ಆಟಗಾರ ಅಂದ್ಕೊಂಡ್ತು ಕಣಯ್ಯಾ. ಬೆಕ್ಕು ಕೊಂಬೆ ಎಳೆದಾಗೆಲ್ಲ ಮರಕ್ಕೆ ಪಾಯಿಂಟು! ಸ್ಕೀಯಿಂಗಲ್ಲಿ ಮರ ಗೆಲ್ತು, ನನ್ನ ಮಗ ಸೋತ, ಮನೆಯೆಲ್ಲಾ ರಂಪ. ತಗೋ ವಾಪಸ್ಸು.”

“ಮರ ತೆಗೆದ ಮೇಲೆ ಚೆನ್ನಾಗಿ ಆಡುತ್ತೆ ಐಗಿಲ್, ಇನ್ನೊಂದು ವಾರ...”

“ಇನ್ನೊಂದು ವಾರಕ್ಕೆ ಹುಡುಗ ಬೇರೆ ಆಟ ಕಲಿತಾಗಿರುತ್ತೆ. ಸೋಫಾ ಬಿಟ್ಟು ಏಳಲ್ಲ ಅವನು.”

ಯೆಪ್ಪೆ ಪ್ರೇಬೆನ್ನನ ತೋಳು ಹಿಡಿದು ಗೋದಾಮಿಗೆ ಎಳೆದ. “ಜೋಡೀಲಿ ಕೊಟ್ಟದ್ದು ಜೋಡೀಲೇ ವಾಪಸ್ ಬರ್ಬೇಕು ಅಂತ ಹೇಳು. ಒಂದನ್ನೇ ತಗೊಳ್ಳಲ್ಲ ಅನ್ನು. ಸೆಟ್ ಯಾರೂ ವಾಪಸ್ ತರಲ್ಲ, ಮಕ್ಕಳು ಬಿಡಲ್ಲ. ನಿನ್ನ ಕೆಲಸ ಉಳಿಯುತ್ತೆ.”

“ಸಣ್ಣ ಡಬ್ಬಿ ಮೇಲೂ ಚೀಟಿ ಇದೆಯಲ್ಲ.”

“ಅಯ್ಯೋ ದೇವರೇ, ಯಾರು ಅಂಟಿಸು ಅಂದಿದ್ದು ನಿನಗೆ?”

“ಯಾರಾದ್ರೂ ಹೇಳ್ಬೇಕಾ? ಅಂಟಿಸೋದೇ ಅಲ್ವಾ!”

“ಕಣ್ತಪ್ಪು ಅನ್ನು. ಒಂದು ಮಾತು ಪ್ರೇಬೆನ್. ಒಂದೇ ಒಂದು ಮಾತು.”

ಪ್ರೇಬೆನ್ ಹೊರಗೆ ಬಂದು ಆ ಮಾತನ್ನು ಆಡಿಯೂ ಆಡಿದ. “ಜೋಡೀಲಿ ತಂದ್ರೆ ಮಾತ್ರ,” ಅಂದ, ನೆಲ ನೋಡಿಕೊಂಡು. ಐಗಿಲ್ ಬೈಯಲಿಲ್ಲ, ಕೂಗಲಿಲ್ಲ. ಡಬ್ಬಿ ತಿರುಗಿಸಿ ಚೀಟಿಯ ಮೇಲೆ ಬೆರಳಿಟ್ಟು ತೋರಿಸಿದ. ಆಗ ಸಾಲಿನ ನಡುವಿನಿಂದ ಬೋಡಿಲ್ ಗಂಟಲು ಕೇಳಿಸಿತು. ಚರ್ಚನ್ನೇ ತುಂಬುವ ಗಂಟಲು ಅದು.

“ಇದೊಳ್ಳೆ ಕಥೆಯಾಯ್ತಲ್ಲ! ಈ ಹಾಳು ಕ್ಯಾಮೆರಾ ನನಗೆ ಬೇಕಾಗೇ ಇರ್ಲಿಲ್ಲ. ನಿನ್ನ ಹೆಂಡತಿ ಮುಖ ನೋಡಿ ತಗೊಂಡದ್ದು.”

“ಬೋಡಿಲ್!” ಅಂತ ಆಸ್ತಾ ಅವಳ ಕೋಟು ಜಗ್ಗಿದಳು.

“ಏನು ಬೋಡಿಲ್? ಕೇಳ್ಲಿ ಬಿಡು. ಹಾಡಿನ ಅಭ್ಯಾಸದ ದಿನ ಅಳುತ್ತಾ ಕೂತಿದ್ಲಲ್ಲ ಸೋಲ್ವೈ! ಎಲ್ಲರೂ ಒಂದೊಂದು ಕೊಳ್ಳಿ, ಕೈ ಮುಗೀತೀನಿ, ಇಲ್ಲಾಂದ್ರೆ ಜನವರಿಯಿಂದ ಅವನು ದಿನಾ ಮನೇಲೇ ಇರ್ತಾನೆ ಅಂತ.”

ಸಾಲಿಗೆ ಸಾಲೇ ನಕ್ಕಿತು. ಪ್ರೇಬೆನ್ನನೂ ನಕ್ಕ. ನಗುತ್ತಾ ನಗುತ್ತಾ ಮಾತು ಒಳಗಿಳಿಯಿತು, ನಗು ನಿಂತಿತು. ಅವನು ಕದಲದೆ ನಿಂತದ್ದನ್ನು ಊರು ಮೊದಲ ಸಲ ನೋಡಿತು. ಆ ಹೊತ್ತಿನಲ್ಲಿ ‘ಇಲ್ಲ’ ಅಂದಿದ್ದರೆ ಕೆಲಸ ಉಳಿಯುತ್ತಿತ್ತು, ಸೋಲ್ವೈಗೂ ಬೇಕಾದದ್ದು ಅದೇ. ಆದರೆ ಚೀಟಿ ಒತ್ತಿದ್ದು ಅವನ ಹೆಬ್ಬೆರಳು, ಸಾಲಲ್ಲಿ ನಿಂತಿದ್ದವರು ಅವನ ಜನ. ಐಗಿಲ್ ಕೈಯಿಂದ ಡಬ್ಬಿ ತಗೊಂಡ. ಬೋಡಿಲ್ ಕೈಯಿಂದ ತಗೊಂಡ. ಒಬ್ಬರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಸಂಜೆಗೆ ಗೋದಾಮು ಮತ್ತೆ ಮೊದಲಿನಂತೆ ತುಂಬಿತು, ಯೆಪ್ಪೆ ಬೀಗದ ಕೈಗಾಗಿ ಕೈ ಚಾಚಿದ. ಪ್ರೇಬೆನ್ ಜೇಬಿನಿಂದ ತೆಗೆದು ಕೊಟ್ಟ.

ಮನೆಗೆ ಹೋಗಿ ಕೋಟು ತೆಗೆಯದೆ ಅಡುಗೆಮನೆ ಬಾಗಿಲಲ್ಲಿ ನಿಂತ.

“ಬೋಡಿಲ್ ಎಲ್ಲಾ ಹೇಳಿದ್ಲು.”

ಸೋಲ್ವೈ ಇಲ್ಲ ಅನ್ನಲಿಲ್ಲ. ಕೈ ಒರೆಸಿಕೊಂಡು ತಿರುಗಿದಳು. “ಮೂವತ್ತು ವರ್ಷ ವಸತಿ ಶಾಲೆ ಅಡುಗೆಮನೇಲಿ ಪಾತ್ರೆ ಸದ್ದು, ಮಕ್ಕಳ ಸದ್ದು. ಮನೆಗೆ ಬಂದ್ರೆ ನಿನ್ನ ಕಾಲಿನ ಸದ್ದು. ನಾನು ಕೆಲಸ ಬಿಟ್ಟ ಈ ಎರಡು ವರ್ಷದಿಂದ ಬೆಳಿಗ್ಗೆ ನೀನು ಬಾಗಿಲು ಹಾಕ್ಕೊಂಡು ಹೋದ್ಮೇಲೆ ಮನೆ ಸುಮ್ನಿರುತ್ತೆ ಪ್ರೇಬೆನ್. ನಾನೂ ಸುಮ್ನಿರ್ತೀನಿ. ಅದೊಂದು ಬಿಟ್ಟು ನಾನು ಏನನ್ನೂ ಕೇಳಿಲ್ಲ.”

“ನನ್ನ ಕಂಡ್ರೆ ಆಗಲ್ವಾ ನಿನಗೆ?”

“ಆಗುತ್ತೆ ಕಣೋ. ಸಂಜೆ ಆರಾದ್ರೆ ಕಿಟಕೀಲಿ ನೋಡ್ತಿರ್ತೀನಿ. ಆದ್ರೆ ಬೆಳಿಗ್ಗೆ ನೋಡೋಕೆ ಭಯ ಆಗುತ್ತೆ.”

ಅವನಿಗೆ ಅಳು ಬಂತು. ಅವಳಿಗೂ ಬಂತು. ಇಬ್ಬರೂ ತಮ್ಮ ತಮ್ಮ ಜಾಗದಲ್ಲೇ ನಿಂತು ಅತ್ತರು.

ಹೊಸ ವರ್ಷ ಕಳೆದ ಮೊದಲ ಸೋಮವಾರ ಪ್ರೇಬೆನ್ ಎಂದಿನ ಹೊತ್ತಿಗೆ ಎದ್ದು, ಟೈ ಕಟ್ಟಿ, ರೈ ಬ್ರೆಡ್ಡಿನ ನಡುವೆ ಉಪ್ಪುಮೀನು ಇಟ್ಟು ಕಟ್ಟಿಕೊಂಡು ಹೊರಟ. “ಎಲ್ಲಿಗೆ?” ಅಂದಳು ಸೋಲ್ವೈ. “ಕೆಲಸಕ್ಕೆ,” ಅಂದ. ಸಂಜೆ ಆರಕ್ಕೆ ಬಂದ. ಮಾರನೆಯ ದಿನವೂ ಅದೇ. ಅವನ ಕೆಲಸ ಏನು ಅಂತ ನಾವು ಕಂಡೆವು. ಬಂದರಿಗೆ ಹೋಗಿ, ಕೇಳದೇ ಇದ್ದವರ ಬಲೆ ಬಿಡಿಸಿ ಬೈಸಿಕೊಳ್ಳುವುದು. ಲೈಬ್ರರಿಗೆ ಹೋಗಿ ಕೂರಲಾರದೆ ಎದ್ದು ಬರುವುದು. ಬಸ್ಸು ಹತ್ತಿ ಪಕ್ಕದೂರಿಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ ಬರುವುದು. ಜನವರಿಯ ಗಾಳಿ ಅಂದರೆ ಕಿವಿ ಕಿತ್ತು ಕೈಗೆ ಕೊಡುವ ಗಾಳಿ. ಆದರೂ ಆರಕ್ಕೆ ಮುಂಚೆ ಅವನು ಮನೆಯ ಮೆಟ್ಟಿಲು ತುಳಿಯಲಿಲ್ಲ. ಮನೆ ಅವಳದಾಗಿರಲಿ ಅಂತ ಹೆಂಡತಿಗೆ ಬಾಯಿಬಿಟ್ಟು ಹೇಳಿದವನೂ ಅಲ್ಲ.

ಹೇಳಿದವಳು ಬೋಡಿಲ್. ಸೋಲ್ವೈಗೆ ಫೋನ್ ಮಾಡಿ ಅಂದಳಂತೆ: “ನಿನ್ನ ಗಂಡ ನಿಮ್ಮ ಬೀದಿ ಕೆಳಗಿನ ಬಸ್ ಸ್ಟಾಪಲ್ಲಿ ನಿಂತ್ಕೊಂಡು ಬ್ರೆಡ್ ತಿಂತಿದಾನೆ. ಮೂಗು ನೀಲಿಯಾಗಿದೆ. ಬಾಯಿ ಬಿಟ್ಟದ್ದು ನಂದೇ ತಪ್ಪು, ಈಗ ನೀನೂ ಒಂದಿಷ್ಟು ಬಾಯಿ ಬಿಡು.”

ಸೋಲ್ವೈ ಮನೆಯ ಚಪ್ಪಲಿಯಲ್ಲೇ, ಏಪ್ರನ್ ಮೇಲೆ ಅವನದೇ ಹಳೇ ಮಳೆಕೋಟು ಎಳೆದುಕೊಂಡು ಇಳಿದು ಬಂದಳು.

“ಎದ್ದು ಬಾ,” ಅಂದಳು. ಅವನು ನಿಂತೇ ಇದ್ದ, ಆದರೂ ಹಾಗೇ ಅಂದಳು. “ಹನ್ನೆರಡರಿಂದ ಒಂದರವರೆಗೆ. ದಿನಾ ಒಂದು ಗಂಟೆ. ಅಷ್ಟರಿಂದ ಶುರು ಮಾಡೋಣ. ಏನೂ ರಿಪೇರಿ ಮಾಡಕೂಡದು.”

“ಮಾಡಲ್ಲ.”

“ಕೋಟು ತೆಗೆದು ಕೂರ್ಬೇಕು.”

“ಕೂರ್ತೀನಿ,” ಅಂದ, ಹಲ್ಲು ಕಟಕಟ ಅನ್ನಿಸುತ್ತಾ.

ಬಟಾಣಿ ಸೂಪು ಬಡಿಸಿದಳು. ಗೋಡೆ ಗಡಿಯಾರಕ್ಕೆ ಬೆನ್ನು ಮಾಡಿ ಅವನನ್ನು ಕೂರಿಸಿದಳು. ಸ್ವಲ್ಪ ಹೊತ್ತಿಗೆ ಮೇಜಿನ ಕೆಳಗೆ ಅವನ ಮಂಡಿ ಕುಣಿಯತೊಡಗಿತು, ಚಮಚಗಳು ತಟ್ಟೆಯಲ್ಲಿ ಗಿಲಗಿಲ ಅಂದವು. ಅವಳು ತನ್ನ ಪಾದ ತೆಗೆದು ಅವನ ಪಾದದ ಮೇಲಿಟ್ಟು ಒತ್ತಿದಳು, ಸದ್ದು ನಿಂತಿತು. ಹೊರಗೆ ಗಾಳಿ ಬೀಸುತ್ತಿತ್ತು. ಕುಡಿದ ಬಟ್ಟಲಿಗೆ ಇನ್ನೊಂದು ಸೌಟು ಬಿತ್ತು. ಕಿಟಕಿಯ ಬೆಳಕು ಮೇಜಿನಿಂದ ಗೋಡೆಗೆ ಹೋಯಿತು.

“ಒಂದು ಗಂಟೆ ಆಯ್ತಾ?” ಅಂದ ಪ್ರೇಬೆನ್, ಏಳಲು ಮೇಜಿಗೆ ಕೈ ಊರಿ.

ಅವಳು ಅವನ ತಲೆಯ ಮೇಲಿಂದ ಗಡಿಯಾರ ನೋಡಿದಳು. ಎರಡಾಗುತ್ತಾ ಬಂದಿತ್ತು.

“ಇನ್ನೂ ಇಲ್ಲ, ಕೂತ್ಕೋ,” ಅಂದಳು ಸೋಲ್ವೈ.